ದಿನಕ್ಕೊಂದು ಕಾಲು ಸುತ್ತು

"ಈ ಚಕ್ರದ ಮೇಲೆ ಹೆಂಡ್ತೀನ ಕೂರಿಸಿ ಕಡಲ ದಾರೀಲಿ ಕರ್ಕೊಂಡು ಹೋಗ್ತೀಯಾ? ಮೂರನೇ ದಿನ ಉದುರಿದ ಹಲ್ಲು ಕೈಯಲ್ಲಿ ಹಿಡ್ಕೊಂಡು ಬಸ್ಸಲ್ಲಿ ವಾಪಸ್ ಬರ್ತಾಳೆ ನೋಡು. ಏಳನೇ ಕ್ಲಾಸೂ ದಾಟದೋನು ಚಕ್ರ ಕಟ್ಟಕ್ಕೆ ಹೊರಟ!"

ನಾನು ಕೆಲಸ ಮಾಡುವ ಸೈಕಲ್ ಅಂಗಡಿಯ ಯಜಮಾನ ಇದನ್ನು ನನ್ನನ್ನು ಪಕ್ಕಕ್ಕೆ ಕರೆದು ಹೇಳಲಿಲ್ಲ. ಪಂಕ್ಚರ್ ಹಾಕಿಸಲು ಬಂದಿದ್ದ ಆರು ಮಂದಿಯ ಮುಂದೆ ಹೇಳಿದ. ಆರೂ ಮಂದಿ ನಕ್ಕರು. ಒಬ್ಬನಂತೂ ಸೀಟು ತಟ್ಟಿ ತಟ್ಟಿ ನಕ್ಕ. ನಾನೂ ಸುಮ್ಮನಿರಲಿಲ್ಲ. ಕುರ್ಚಿ ಬಿಟ್ಟು ಏಳದವರು ಚಕ್ರದ ಮಾತಾಡಬಾರದು ಎಂದು ಶುರುಮಾಡಿ ಅವನ ಹೊಟ್ಟೆ, ಅವನ ಕನ್ನಡಕ, ಅವನ ಅಳಿಯ, ಯಾವುದನ್ನೂ ಬಿಡಲಿಲ್ಲ. ಮಾತು ಮುಗಿದಾಗ ಗಂಟಲು ಒಣಗಿತ್ತು. ಸಿಟ್ಟು ಮಾತ್ರ ಹಾಗೇ ಇತ್ತು.

ನಾಲ್ಕೂ ಚಕ್ರ ನಾನೇ ಕಟ್ಟಿದ್ದು. ನಡುವೆ ಹಳೆಯ ಹಬ್ಬು, ಸುತ್ತ ಹೊಸ ರಿಮ್ಮು, ಒಂದೊಂದಕ್ಕೆ ಮೂವತ್ತಾರು ಕಡ್ಡಿ. ಎರಡು ನನ್ನ ಸೈಕಲ್ಲಿಗೆ, ಎರಡು ಅವಳದಕ್ಕೆ. ನನ್ನವಳು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಕಾಲರ್ ಹೊಲಿಯುತ್ತಾಳೆ. ಮದುವೆಯಾಗಿ ಮೂರು ವರ್ಷಕ್ಕೆ ಮೊದಲ ಸಲ ಹತ್ತು ದಿನ ಒಟ್ಟಿಗೆ ರಜೆ ಸಿಕ್ಕಿತ್ತು. ಕಡಲ ಪಕ್ಕದ ರಸ್ತೆ ಎಲ್ಲಿ ಮುಗಿಯುತ್ತದೋ ಅಲ್ಲಿಯ ತನಕ ಸೈಕಲ್ಲಿನಲ್ಲೇ ಹೋಗಬೇಕು ಎಂಬುದು ಅವಳ ಆಸೆ. ನಾನ್ನೂರು ಕಿಲೋಮೀಟರು. ಒಂಬತ್ತು ದಿನ ತುಳಿಯುವುದು, ಹತ್ತನೆಯ ದಿನ ರೈಲು ಹತ್ತುವುದು.

"ಯಜಮಾನಂಗೆ ಏನಂದ್ರಿ?" ಎಂದು ಬ್ಯಾಗು ಕಟ್ಟುತ್ತ ಕೇಳಿದಳು.

"ಎಲ್ಲಾ ಅಂದೆ. ಅಳಿಯನ್ನೂ ಬಿಡ್ಲಿಲ್ಲ."

"ಪಾಪ, ಆ ಅಳಿಯ ಏನ್ರೀ ಮಾಡಿದ್ದ?" ಅವಳಿಗೆ ನಗು ತಡೆಯಲಿಲ್ಲ. "ನಮ್ಮಮ್ಮನೂ ಕೇಳಿದ್ಲು, ಅವ್ನು ಕಟ್ಟಿದ ಚಕ್ರ ನಂಬ್ತೀಯಾ ಅಂತ. ಅವ್ನನ್ನೇ ಕಟ್ಕೊಂಡಿದೀನಿ, ಚಕ್ರ ಏನು ಮಹಾ ಅಂದೆ."

ಹೊರಟೆವು. ಎಡಗಡೆ ನೀರು, ಬಲಗಡೆ ಉಪ್ಪು ತಿಂದ ಗೋಡೆಗಳು, ಎದುರುಗಾಳಿ. ಮಧ್ಯಾಹ್ನದ ಹೊತ್ತಿಗೆ ಹುಬ್ಬಿನ ಮೇಲೆ ಉಪ್ಪು ಕೂರುತ್ತಿತ್ತು. ಏರು ಬಂದರೆ ಅವಳು ಹಿಂದಿನಿಂದ "ತುಳೀರಿ, ಯಜಮಾನ ಅಟ್ಟಿಸ್ಕೊಂಡು ಬರ್ತಾ ಇದಾನೆ" ಎಂದು ಕೂಗುತ್ತಿದ್ದಳು.

ಅವಳಿಗದು ತಮಾಷೆ. ನನಗೆ ಅವನು ನಿಜವಾಗಿಯೂ ಬರುತ್ತಿದ್ದ. ಸಂಜೆ ತಂಗುವ ಕಡೆ ಜಗುಲಿಯ ಮೇಲೆ ಸೈಕಲ್ಲುಗಳನ್ನು ಮಗುಚಿ, ಬೆಂಡು ನೋಡುತ್ತೇನೆ ಎನ್ನುತ್ತಿದ್ದೆ. ಬೆಂಡು ಎಲ್ಲಿತ್ತು? ಚಕ್ರ ನೆಟ್ಟಗೇ ತಿರುಗುತ್ತಿತ್ತು. ಆದರೂ 'ಉದುರಿದ ಹಲ್ಲು' ಎಂಬ ಮಾತು ಕಿವಿಯಲ್ಲಿ ಗುಂಯ್‌ಗುಡುತ್ತಿದ್ದ ಹಾಗೇ ಕಡ್ಡಿ ತಿರುಗಿಸುವ ಕೀಲಿ ಹೊರತೆಗೆದು ಒಂದೊಂದನ್ನೂ ಕಾಲು ಸುತ್ತು ಬಿಗಿಯುತ್ತಿದ್ದೆ. ಅವಳ ಮುಂದಿನ ಚಕ್ರಕ್ಕೆ ಎರಡು ಸಲ. ಬಿಗಿ ಅತಿಯಾದರೆ ಸಣ್ಣ ಏಟಿಗೂ ಚಕ್ರ ಸೊಟ್ಟಗಾಗುತ್ತದೆ. ಎಲ್ಲಿ ನಿಲ್ಲಿಸಬೇಕೆಂದು ನನ್ನ ಕೈಗೆ ಗೊತ್ತಿತ್ತು. ಕೈಯ ಮಾತನ್ನು ಕೇಳುವವರು ಯಾರು?

"ಬೆಂಡು ತೆಗೀತಿದೀರೋ, ಅದರ ಕತ್ತು ಹಿಸುಕ್ತಿದೀರೋ?" ಎಂದಳು ಒಂದು ಸಂಜೆ, ಮೀನಖಂಡಕ್ಕೆ ಎಣ್ಣೆ ತಿಕ್ಕುತ್ತ. ನಾನು ಮುಂದಿನ ಕಡ್ಡಿಗೆ ಕೀಲಿ ಹಾಕಿದೆ.

ಆರನೆಯ ದಿನ ಸೇತುವೆ ಇಳಿದ ಕೂಡಲೇ ಒಂದು ಗುಂಡಿ. ಅಂಗೈಯಷ್ಟು ಗುಂಡಿ. ಅವಳ ಮುಂದಿನ ಚಕ್ರ ಠಪ್ಪೆಂದು ಅಲೆ ಎದ್ದ ತಗಡಿನಂತೆ ಸೊಟ್ಟಗಾಯಿತು. ಅವಳು ಹ್ಯಾಂಡಲ್ ಮೇಲಿಂದ ಹಾರಿ ಬಿದ್ದಳು.

ನನ್ನ ಸೈಕಲ್ಲನ್ನು ಎಸೆದು ಓಡಿದೆ. ಅವಳ ಮೊಣಕೈ ತರಚಿ ರಕ್ತ ಸುರಿಯುತ್ತಿತ್ತು. ಅವಳು ಎದ್ದು ಕೂತು, ಬಾಯಿ ಅಗಲಿಸಿ ತೋರಿಸಿದಳು.

"ಎಣಿಸ್ಕೊಳ್ಳಿ. ಎಲ್ಲಾ ಇವೆ."

ನನಗೆ ನಗು ಬರಲಿಲ್ಲ. ಗಾಯ ತೊಳೆದು ಬಟ್ಟೆ ಸುತ್ತಿದೆ. "ಬಸ್ ಹತ್ತೋಣ," ಎಂದೆ. "ಗುಂಡಿಯಿಂದ ಅಲ್ಲ ಕಣೇ, ನನ್ನಿಂದ. ದಿನಾ ಸಂಜೆ ಬಿಗಿದು ಬಿಗಿದು ಇಟ್ಟೆ. ಅವನ ಮಾತೇ ನಿಜ ಆಯ್ತು."

ಅವಳು ಒಂದು ಕಡ್ಡಿಯನ್ನು ಬೆರಳಿನಿಂದ ಮೀಟಿದಳು. ಅದು ಕಿರುಚಿದಂತಾಯಿತು.

"ಅವ್ನು ಹೇಳಿದ್ದು ಮೂರನೇ ದಿನ. ಇವತ್ತು ಆರು," ಎಂದಳು. "ಮಿಷನ್ನಲ್ಲಿ ದಾರ ಬಿಗಿಯಾದ್ರೆ ಕಾಲರ್ ಮುದುರ್ಕೊಳತ್ತೆ. ಅದಕ್ಕೇ ಅಂತ ಯಾರಾದ್ರೂ ಮನೆಗೆ ಹೋಗ್ತಾರಾ? ದಾರ ಸಡಿಲ ಮಾಡ್ತೀವಿ." ಆಮೇಲೆ ನನ್ನ ಮುಖ ನೋಡದೆ ಹೇಳಿದಳು: "ಇಷ್ಟು ದಿನ ನನ್ನ ಸೈಕಲ್ ಮೇಲೆ ಆ ಮನುಷ್ಯನ್ನ ಕೂರಿಸ್ಕೊಂಡು ಬಂದಿದೀರಲ್ರೀ. ಇಳಿಸಿ. ತುಳಿಯೋಳು ನಾನು."

ದೋಣಿ ರಿಪೇರಿಯ ಶೆಡ್ಡೊಂದರ ನೆರಳಿನಲ್ಲಿ ಕೂತೆವು. ಒಂದೊಂದೇ ಕಡ್ಡಿ ಸಡಿಲಿಸುತ್ತ ಬಂದೆ. ಎರಡನೆಯ ಸುತ್ತು ಮುಗಿಯುವ ಹೊತ್ತಿಗೆ ಚಕ್ರ ಟಕ್ಕೆಂದು ತಾನಾಗಿ ಮೊದಲಿನ ಆಕಾರಕ್ಕೆ ಮರಳಿ ಕೂತಿತು. ಇಬ್ಬರೂ ಬೆಚ್ಚಿಬಿದ್ದೆವು. ಆಮೇಲೆ ಅವಳು ಗಾಯವಾಗದ ಕೈಯಿಂದ ಚಕ್ರ ತಿರುಗಿಸುತ್ತ ಬ್ರೇಕಿನ ರಬ್ಬರಿನ ಸಂದಿಗೆ ಕಣ್ಣು ನೆಟ್ಟಳು. "ಎಡಕ್ಕೆ... ಇನ್ನೊಂಚೂರು... ಸಾಕು." ಅವಳು ಸಾಕೆಂದಾಗ ನಿಲ್ಲಿಸಿದೆ. ಪ್ರತಿ ಸಲವೂ. ಎರಡು ಗಂಟೆ ಹಿಡಿಯಿತು. ಚಿಕ್ಕದೊಂದು ಸೊಟ್ಟ ಉಳಿದೇ ಹೋಯಿತು.

"ನಡಿಯತ್ತಾ?" ಎಂದಳು.

"ಕುಂಟುತ್ತೆ. ನಡಿಯತ್ತೆ."

"ನನ್ನ ಕೈಗೂ ಅದಕ್ಕೂ ಜೋಡಿ ಆಯ್ತು ಬಿಡಿ."

ಆಮೇಲಿನ ಮೂರು ದಿನ ನಿಧಾನಕ್ಕೆ ತುಳಿದೆವು. ಸಂಜೆ ಕೀಲಿ ಹೊರಗೆ ತೆಗೆಯಲಿಲ್ಲ. ಅವಳ ಮೊಣಕೈಯ ಪಟ್ಟಿ ಬಿಚ್ಚಿ ಗಾಯ ತೊಳೆದು ಹೊಸದು ಸುತ್ತುವುದೇ ಕೆಲಸವಾಯಿತು. ಅವಳು ಊದಿ ಎಂದರೆ ಊದುತ್ತಿದ್ದೆ.

ಒಂಬತ್ತನೆಯ ದಿನ ಡಾಂಬರು ಮುಗಿಯಿತು, ಜಲ್ಲಿ ಮುಗಿಯಿತು, ಮರಳು ಬಂತು. ಅವಳು ಸೈಕಲ್ಲನ್ನು ಚಹಾದಂಗಡಿಯ ಗೋಡೆಗೆ ಒರಗಿಸಿ ಸೀದಾ ನೀರಿನ ಕಡೆಗೆ ಓಡಿದಳು. ಅಂಗಡಿಯಲ್ಲಿ ನಾಲ್ವರಿದ್ದರು. ಕಾರಿನ ತಲೆಯ ಮೇಲೆ ಹೊಳೆಯುವ ಸೈಕಲ್ಲು ಹೇರಿಕೊಂಡು ಬಂದವರು. ಒಬ್ಬ ಬಂದು ಅವಳ ಮುಂದಿನ ಚಕ್ರ ಎತ್ತಿ ತಿರುಗಿಸಿದ.

"ಬನ್ರೋ, ಕುಡುಕನ ನಡಿಗೆ ನೋಡ್ಬನ್ನಿ! ಯಾವ ಪುಣ್ಯಾತ್ಮ ಕಟ್ಟಿದ್ದು ಇದನ್ನ? ನೀನೇನಾ? ಹೆಂಡ್ತಿ ಮೇಲೆ ಅಷ್ಟು ಸಿಟ್ಟೇನಪ್ಪಾ?"

ಮೂವರೂ ನಕ್ಕರು. ಅವನ ಹೆಲ್ಮೆಟ್ಟು, ಅವನ ಬಿಗಿ ಚಡ್ಡಿ, ಅವನ ಕಾರು, ಎಲ್ಲಕ್ಕೂ ಒಂದೊಂದು ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು.

ಮೊಣಕಾಲಿನವರೆಗೆ ನೀರಿನಲ್ಲಿ ನಿಂತು ಅವಳು ಪಟ್ಟಿ ಕಟ್ಟಿದ ಕೈ ಬೀಸುತ್ತಿದ್ದಳು. "ಬನ್ರೀ! ಇಲ್ಲಿಗೇ ಮುಗಿಯೋದು! ನಿಜವಾಗ್ಲೂ ಮುಗೀತು!"

"ನಿನ್ನನ್ನೇ ಕಣಪ್ಪಾ ಕೇಳಿದ್ದು," ಎಂದ ಅವನು.

ನಾನು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಮರಳಿಗೆ ಇಳಿದೆ.