ನಾಯಿ ಇಲ್ಲದ ಮನೆಯ ಬಿಲ್ಲು

ಕಾರ್ಡನ್ನು ಗಂಡ ಬಣ್ಣದ ಕಾಗದದಲ್ಲಿ ಸುತ್ತಿ ಉಡುಗೊರೆಯ ಹಾಗೆ ಕೊಟ್ಟಿದ್ದ. ಅಂಗಡಿ ಅಂಗಡಿ ತಿರುಗಿ ಕಾರ್ಡ್ ಉಜ್ಜುವ ಮೆಷಿನ್ ಕೂರಿಸುವುದು ಅವನ ಕೆಲಸ. ನೋಟು ಮುಟ್ಟಿದರೆ ಸೋಪು ಹಾಕಿ ಕೈ ತೊಳೆಯುವ ಆಸಾಮಿ.

"ನಿನಗೊಂದು, ಅಮ್ಮನಿಗೊಂದು. ಎಲ್ಲಿ ಬೇಕಾದರೂ ಉಜ್ಜಿ. ನಾನೇನೂ ಕೇಳಲ್ಲ."

ಕೇಳುವ ಅಗತ್ಯವೇ ಇರಲಿಲ್ಲ. ಉಜ್ಜಿದ ಕೂಡಲೇ ಅವನ ಫೋನು ಟಣ್ ಅನ್ನುತ್ತಿತ್ತು. ಒಮ್ಮೆ ಅವಳು ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಒಂದು ನೀರಿನ ಬಾಟಲಿ ಕೊಂಡಳು. ಮುಚ್ಚಳ ತಿರುಗಿಸುವಷ್ಟರಲ್ಲಿ ಕರೆ ಬಂತು. "ಬಸ್ ಸ್ಟ್ಯಾಂಡಲ್ಲೇನು ಕೆಲಸ ನಿನಗೆ?" ಅತ್ತೆ ಹಲ್ಲಿನ ಡಾಕ್ಟರ ಹತ್ತಿರ ಉಜ್ಜಿ ಬಂದ ದಿನ, "ಇನ್ನೆಷ್ಟು ವರ್ಷ ಅಗೀಬೇಕು ಅಂತಿದೀಯಮ್ಮಾ?" ಎಂದು ನಕ್ಕಿದ್ದ. ಅತ್ತೆಯೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿದ್ದಳು. ಮತ್ತೆ ಅಲ್ಲಿ ಕಾರ್ಡು ಉಜ್ಜಲಿಲ್ಲ.

ದೊಡ್ಡ ದಿನಸಿ ಅಂಗಡಿಯ ಬಿಲ್ಲಿನ ಹುಡುಗಿ ಅವಳಿಗೆ ಕಾರ್ಡಕ್ಕ ಎಂದು ಹೆಸರಿಟ್ಟಿದ್ದಳು. ಕಾರಣವಿತ್ತು. ಕಾರ್ಡಕ್ಕ ಸಾಲಿನಲ್ಲಿ ನಿಂತು ಮುಂದಿನವರ ಭುಜ ಮುಟ್ಟಿ, ತಗ್ಗಿದ ದನಿಯಲ್ಲಿ ಕೇಳುತ್ತಿದ್ದಳು: "ಅಕ್ಕಾ, ಕ್ಯಾಶ್ ಇದೆಯಾ? ನಿಮ್ಮ ಸಾಮಾನು ನನ್ನ ಬಿಲ್ಲಿಗೆ ಸೇರಿಸಲಿ, ನಾನು ಉಜ್ತೀನಿ. ನೀವು ನನಗೆ ನೋಟು ಕೊಡಿ." ಹೆಚ್ಚಿನವರು ಅನುಮಾನದಿಂದ ನೋಡುತ್ತಿದ್ದರು. ಒಬ್ಬಿಬ್ಬರು ಒಪ್ಪುತ್ತಿದ್ದರು. ಗಂಡನ ಫೋನಿಗೆ ಹೋಗುತ್ತಿದ್ದುದು ಅಂಗಡಿಯ ಹೆಸರು ಮತ್ತು ಒಟ್ಟು ಮೊತ್ತ ಮಾತ್ರ. "ಏನು ದುಬಾರಿ ಮಾರಾಯ್ತಿ" ಎಂದು ಗೊಣಗಿ ಅವನು ಸುಮ್ಮನಾಗುತ್ತಿದ್ದ.

ಆ ನೋಟುಗಳೆಲ್ಲ ಬಚ್ಚಲುಮನೆಯ ಗೂಡಿನಲ್ಲಿದ್ದ ಪ್ಯಾಡಿನ ಪ್ಯಾಕೆಟ್ಟಿನೊಳಗೆ ಹೋಗುತ್ತಿದ್ದವು. ಅದರ ಕಡೆ ಗಂಡ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಹೊರಗೆ ತೆಗೆದು ಎಣಿಸುವ ಧೈರ್ಯ ಅವಳಿಗಿರಲಿಲ್ಲ. ಲೆಕ್ಕ ತಲೆಯಲ್ಲಿತ್ತು, ಮತ್ತು ಆ ಲೆಕ್ಕ ಈಗ ತುಂಬುತ್ತ ಬಂದಿತ್ತು. ಊರಾಚೆ ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ ಗೊತ್ತಾಗಿತ್ತು. ಅದರ ಪಕ್ಕದ ಹೆಂಗಸರ ಹಾಸ್ಟೆಲ್ಲಿನಲ್ಲಿ ಕಿಟಕಿಯ ಹತ್ತಿರದ ಮಂಚವೊಂದು ಖಾಲಿಯಿತ್ತು. "ಸೋಮವಾರದ ತನಕ ಹಿಡಿದಿಟ್ಟಿರ್ತೀನಿ," ಅಂದಿದ್ದಳು ವಾರ್ಡನ್. "ಕಾರ್ಡು ಗೀರ್ಡು ನಮ್ಮಲ್ಲಿ ನಡೆಯಲ್ಲ. ಅಡ್ವಾನ್ಸು ಕೈಯಲ್ಲಿ ತಾ, ಮಂಚ ಹತ್ತು."

ಇಷ್ಟರಲ್ಲಿ ಅಂಗಡಿಯವರು ಕಾಗದದ ಬಿಲ್ಲು ನಿಲ್ಲಿಸಿದರು. "ಇನ್ಮೇಲೆ ಫೋನಿಗೇ ಹೋಗತ್ತೆ ಅಕ್ಕ," ಅಂದಳು ಬಿಲ್ಲಿನ ಹುಡುಗಿ. ಹರಿದು ಚರಂಡಿಗೆ ಹಾಕಲು ಚೀಟಿಯೇ ಇಲ್ಲವೆಂದು ಕಾರ್ಡಕ್ಕನಿಗೆ ಹಿಗ್ಗಾಯಿತು. ಯಾವ ಫೋನು, ಏನು ಹೋಗುತ್ತದೆ ಎಂದು ಕೇಳಲಿಲ್ಲ. ಅಂಗಡಿಯ ಪಾಯಿಂಟುಗಳಿಗೆಂದು ಮೊದಲ ದಿನ ಬರೆಸಿದ್ದು ಗಂಡನ ನಂಬರು. ಶನಿವಾರ ಅವಳು ಕೊನೆಯ ಸಲ ಉಜ್ಜಿದ್ದು ಗಡ್ಡದ ಗಂಡಸೊಬ್ಬನ ಬುಟ್ಟಿಗೆ. ಸಾಮಾನ್ಯವಾಗಿ ಗಂಡಸರನ್ನು ಕೇಳುತ್ತಿರಲಿಲ್ಲ. ಅವತ್ತು ಅವಸರವಿತ್ತು.

ಭಾನುವಾರ ಮಧ್ಯಾಹ್ನ ಗಂಡ ಒಂದು ಚೀಲ ಹಿಡಿದು ಒಳಗೆ ಬಂದ. ಅತ್ತೆಯೂ ಅವಳೂ ಊಟಕ್ಕೆ ಕೂತಿದ್ದರು. ಅತ್ತೆಗೆ ಈಗ ಅಗಿಯುವ ತೊಂದರೆ ಇರಲಿಲ್ಲ. ಹೋದ ತಿಂಗಳು ಯಾವುದೋ ಪುಕ್ಕಟೆ ಶಿಬಿರದಲ್ಲಿ ಕೆಳಗಿನ ಸಾಲಿಗೆ ಹಲ್ಲು ಹಾಕಿಸಿಕೊಂಡೆ ಅಂದಿದ್ದಳು.

"ನಮ್ಮನೇಲಿ ನಾಯಿ ಯಾವಾಗಿಂದ ಇದೆ?" ಎಂದ ಗಂಡ.

"ನಾಯಿಯಾ?"

ಫೋನು ಎತ್ತಿ ಪಾಠ ಓದುವವನ ಹಾಗೆ ಓದಿದ. "ನಾಯಿ ಆಹಾರ, ಎರಡು ಕೇಜಿ."

"ಅದು... ಬೀದಿ ನಾಯಿಗೆ ಹಾಕಿದೆ ರೀ. ಪಾಪ, ಬಡಕಲಾಗಿತ್ತು."

"ಹೌದಾ? ಮುಂದೆ ಕೇಳು. ಗಡ್ಡ ಕೆರೆಯೋ ಬ್ಲೇಡು, ಐದರ ಪ್ಯಾಕು. ನಾನು ಮೆಷಿನ್‌ನಲ್ಲಿ ಕೆರೀತೀನಿ. ನಿನ್ನ ಬೀದಿ ನಾಯಿ ಶೇವಿಂಗೂ ಮಾಡ್ಕೊಳತ್ತೇನೇ?"

ಅತ್ತೆ ಕಿಸಕ್ಕನೆ ನಕ್ಕಳು. ಗಂಡನೂ ನಕ್ಕ. ನಗುತ್ತಲೇ ಕೇಳಿದ, "ಕ್ಯಾಶು ಎಲ್ಲಿಟ್ಟಿದೀಯ?"

ಅವನು ಹಾಸಿಗೆ ಮಗುಚಿದ, ಬೀರು ಬರಿದು ಮಾಡಿದ, ಅಕ್ಕಿ ಡಬ್ಬದೊಳಗೆ ಮೊಣಕೈವರೆಗೆ ಕೈ ಇಳಿಸಿದ. ಬಚ್ಚಲುಮನೆಯ ಗೂಡಿನ ಮುಂದೆ ನಿಂತು, ಪ್ಯಾಕೆಟ್ಟು ನೋಡಿ, ಮೂಗು ಮುರಿದು ಆಚೆ ಬಂದ.

ಅವನು ತಂದಿದ್ದ ಚೀಲ ಬಿಚ್ಚಿದ. ಮೇಲೆ ನಾಯಿಯ ಚಿತ್ರವಿದ್ದ ಪೊಟ್ಟಣ. ಅವಳ ತಟ್ಟೆಯಲ್ಲಿದ್ದ ಊಟವನ್ನು ಅತ್ತೆಯ ತಟ್ಟೆಗೆ ಸುರಿದು, ಖಾಲಿ ತಟ್ಟೆಗೆ ಕಂದು ಉಂಡೆಗಳನ್ನು ಗಲಗಲ ಬೀಳಿಸಿದ.

"ನೋಟು ಕೊಟ್ಟು ತಂದೆ, ನಿನಗೋಸ್ಕರ. ಉಜ್ಜಿದ್ರೆ ಬಿಲ್ಲಲ್ಲಿ ಎರಡನೇ ನಾಯಿ ಬಂದುಬಿಡತ್ತಲ್ಲ. ಈಗ ಹೇಳು, ಇಲ್ಲಾ ತಿನ್ನು. ಕೊಟ್ಟ ದುಡ್ಡು ದಂಡ ಆಗಬಾರದು."

ಅವಳು ಅತ್ತೆಯ ಮುಖ ನೋಡಿದಳು. ಅತ್ತೆ ತುತ್ತು ಕಲಸುತ್ತಾ, "ಹೇಳಿಬಿಡೇ, ಯಾಕೆ ರಗಳೆ?" ಅಂದಳು. ಹಾಗಂದವಳು ಅವಳ ಕಣ್ಣಿಗೆ ಕಣ್ಣು ಕೊಡಲಿಲ್ಲ.

ನಾಳೆ ಸೋಮವಾರ. ಕಿಟಕಿಯ ಹತ್ತಿರದ ಮಂಚ. ಅವಳು ಒಂದು ಉಂಡೆ ಬಾಯಿಗೆ ಹಾಕಿಕೊಂಡಳು. ಒಣಗಿದ ಮೀನಿನ ವಾಸನೆ, ಮರಳಿನ ಹಾಗೆ ಹಲ್ಲಿಗೆ ಸಿಕ್ಕುವ ಪುಡಿ. ಗಂಡ ಕುರ್ಚಿ ಎಳೆದುಕೊಂಡು ಎದುರಿಗೇ ಕೂತ. "ಅಗಿ, ಹಾಗೇ ನುಂಗಬೇಡ. ಸದ್ದು ಕೇಳಬೇಕು." ಅವಳು ಅಗಿದಳು. ಕಣ್ಣಲ್ಲಿ ನೀರು ಬಂದರೂ ಕೈ ನಿಲ್ಲಲಿಲ್ಲ. ನೀರು ಕೇಳಿದಾಗ ಬಟ್ಟಲಲ್ಲಿ ಹಾಕಿ ನೆಲದ ಮೇಲಿಟ್ಟ. ತಟ್ಟೆ ಖಾಲಿಯಾದ ಮೇಲೆ ಅವನಿಗೇ ಬೇಸರ ಬಂತು.

"ಕಾರ್ಡು ನಿನ್ನ ಹತ್ರಾನೇ ಇರಲಿ," ಎಂದು ಚಪ್ಪಲಿ ಮೆಟ್ಟಿಕೊಂಡ. "ಕಿತ್ಕೊಂಡ್ರೆ ನೀನು ಎಲ್ಲಿ ಅಲೀತಿದೀಯ ಅಂತ ನನಗೆ ಗೊತ್ತಾಗೋದು ಹೇಗೆ?"

ಅವನು ಹೊರಗೆ ಹೋದದ್ದೇ ಅವಳು ಬಚ್ಚಲಿಗೆ ಓಡಿ, ತಿಂದದ್ದೆಲ್ಲ ಕಾರಿಕೊಂಡಳು. ಬಾಯಿ ಮುಕ್ಕಳಿಸಿ ಪ್ಯಾಕೆಟ್ಟು ತೆಗೆದಳು. ಗೆದ್ದಿದ್ದಳು. ಮೊದಲ ಸಲ ಪೂರ್ತಿ ಹೊರಗೆಳೆದಳು. ಪ್ಯಾಡು, ಪ್ಯಾಡು, ನಾಲ್ಕಾರು ನೋಟು, ಮತ್ತೆ ಪ್ಯಾಡು. ಒಳಗೆ ಕೈ ಹಾಕಿ ತಡಕಿದಳು. ಬೋರಲು ಹಾಕಿ ಕೊಡವಿದಳು. ಅಡ್ವಾನ್ಸಿನ ಕಾಲುಭಾಗವೂ ಇರಲಿಲ್ಲ.

ಬಾಗಿಲಲ್ಲಿ ಅತ್ತೆ ನಿಂತಿದ್ದಳು, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ.

"ಅತ್ತೆ... ನೀವಾ?"

ಅತ್ತೆ ಕೆಳತುಟಿಯನ್ನು ಬೆರಳಲ್ಲಿ ಎಳೆದು ತೋರಿಸಿದಳು. ಬಿಳೀ ಸಾಲು, ಒಂದೇ ಅಳತೆ.

"ಶಿಬಿರದವರು ಪುಕ್ಕಟೆ ಕೊಡ್ತಾರೇನೇ ಇಂಥದ್ದು? ಆ ಹಲ್ಲಿನ ಡಾಕ್ಟರು ಕ್ಯಾಶೂ ತಗೋತಾನೆ. ನನಗೂ ಒಂದು ಕಾರ್ಡು ಕಟ್ಟಿದಾನಲ್ಲ ನನ್ನ ಮಗ."

"ನನ್ನೆದುರಿಗೆ ಕೂತು ಉಂಡ್ರಿ. ಹೇಳಿಬಿಡು ಅಂದ್ರಿ."

"ನೀನು ಹೇಳಲ್ಲ ಅಂತ ಗೊತ್ತಿತ್ತು ಕಣೇ."

"ಅಷ್ಟನ್ನೂ ಬಿಟ್ಟಿದ್ಯಾಕೆ ಮತ್ತೆ? ಎಲ್ಲಾ ತಗೋಬಹುದಿತ್ತಲ್ಲ."

"ಎಲ್ಲಾ ತಗೊಂಡಿದ್ರೆ ನೀನು ನಿಲ್ಲಿಸಿಬಿಡ್ತಿದ್ದೆ." ಅತ್ತೆ ಬಾಗಿ, ನೆಲದ ಮೇಲೆ ಬಿದ್ದಿದ್ದ ಪ್ಯಾಡುಗಳನ್ನು ಒಂದೊಂದಾಗಿ ಪ್ಯಾಕೆಟ್ಟಿಗೆ ತುಂಬಿ ಗೂಡಿನಲ್ಲಿಟ್ಟಳು. "ಮೇಲಿನ ಸಾಲು ಇನ್ನೂ ಬಾಕಿ ಇದೆ. ಅವನಿಗೆ ನಾನು ಹೇಳಲ್ಲ, ನಿನ್ನ ಮೇಲಾಣೆ. ಮುಂದಿನ ಸಲ ನಾಯಿ ಇಲ್ಲದವರ ಬುಟ್ಟಿ ನೋಡ್ಕೊಂಡು ಉಜ್ಜು."

ಸೋಮವಾರ ಹತ್ತು ಗಂಟೆಗೆ ಕಾರ್ಡಕ್ಕ ದಿನಸಿ ಅಂಗಡಿಯ ಸಾಲಿನಲ್ಲಿ ನಿಂತಿದ್ದಳು. ವಾರ್ಡನ್‌ಳ ಕರೆ ಎರಡು ಸಲ ಬಂದು ತಾನಾಗಿ ನಿಂತಿತು. ಮುಂದೆ ನಿಂತವಳ ಬುಟ್ಟಿಯೊಳಗೆ ಇಣುಕಿದಳು. ಸಕ್ಕರೆ, ಬಟ್ಟೆ ಸೋಪು, ಒಂದು ಬಲ್ಬು. ಎಲ್ಲಾ ತಮ್ಮ ಮನೆಗೂ ಹೊಂದುವ ಸಾಮಾನೇ. ಕೈ ಚಾಚಿ ಅವಳ ಭುಜ ಮುಟ್ಟಿದಳು.

"ಅಕ್ಕಾ, ಕ್ಯಾಶ್ ಇದೆಯಾ?"