ಎರವಲು ರಕ್ತ

ದರ್ಜಿ ರಸ್ಮಾನೆ ಟಪ್ಸೊಬಾ ತನ್ನ ಕಾಯಿಲೆಯನ್ನು ಎರಡು ವರ್ಷ ಗುಟ್ಟಾಗಿಟ್ಟ. ತನ್ನ ಜಾಣತನವನ್ನು ಮಾತ್ರ ಹತ್ತು ದಿನವೂ ಬಚ್ಚಿಡಲಾಗಲಿಲ್ಲ.

ಕಾಯಿಲೆ ಕಿಡ್ನಿಯದು. ಕಾಲು ಭಾಗ ಮಾತ್ರ ಕೆಲಸ ಮಾಡುತ್ತಿದೆ ಎಂದು ದೊಡ್ಡಾಸ್ಪತ್ರೆಯ ಕಿಡ್ನಿ ಡಾಕ್ಟರು ಹೇಳಿದ್ದರು. ಮೂರು ತಿಂಗಳಿಗೊಮ್ಮೆ "ದಾರ ತರೋಕೆ ಹೋಗ್ತೀನಿ" ಎಂದು ಹೆಂಡತಿ ತಲಾತೋಗೆ ಹೇಳಿ ಅಲ್ಲಿಗೆ ಹೋಗಿಬರುತ್ತಿದ್ದ. ನಂಬಿಸಬೇಕಲ್ಲ, ಬರುವಾಗ ನಿಜವಾಗಿಯೂ ದಾರ ತರುತ್ತಿದ್ದ. ಬೊಬೊ ಊರಿನ ಬೇರೆ ಯಾವ ದರ್ಜಿಯ ಮನೆಯಲ್ಲೂ ಅಷ್ಟೊಂದು ದಾರ ಇರಲಿಲ್ಲ.

ಕಿಡ್ನಿ ಯಾರ ಕಣ್ಣಿಗೂ ಬೀಳುವುದಿಲ್ಲ, ಕೈ ಬೀಳುತ್ತದೆ. ಮೊಣಕೈಯಿಂದ ಬೆರಳಿನವರೆಗೆ ಸೋರಿಯಾಸಿಸ್ ಹಬ್ಬಿ ಚರ್ಮ ಹೊಟ್ಟು ಹೊಟ್ಟಾಗಿ ಉದುರುತ್ತಿತ್ತು. ಕಡುನೀಲಿ ನಿಲುವಂಗಿಗೆ ಕಸೂತಿ ಹಾಕಿ ಎತ್ತಿದರೆ ಮಡಿಲ ತುಂಬ ಬಿಳಿ ಪುಡಿ. ತಬಸ್ಕಿ, ಅಂದರೆ ಬಕ್ರೀದ್ ಹಬ್ಬಕ್ಕೆ ಇನ್ನು ಒಂದೂವರೆ ತಿಂಗಳಿತ್ತು. ಬಟ್ಟೆ ಕೊಡಲು ಬಂದ ಗಿರಾಕಿಗಳು ಅವನ ಮುಖ ಬಿಟ್ಟು ಕೈ ನೋಡುತ್ತಿದ್ದರು. ನಲವತ್ತು ವರ್ಷ ಹೊಗಳಿಸಿಕೊಂಡ ಕೈ ಅದು. ನಾಚಿಕೆಯಿಂದ ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಚರ್ಮದ ಡಾಕ್ಟರು ಸೊಮ್ಡಾ ಮೊದಲು ಮುಲಾಮು ಬರೆದರು. ತೆಳ್ಳಗೆ ಹಚ್ಚಿ, ಹೊಟ್ಟೆದ್ದ ಕಡೆ ಮಾತ್ರ ಎಂದರು. ರಸ್ಮಾನೆ ಗೋಡೆಗೆ ಸುಣ್ಣ ಬಳಿದ ಹಾಗೆ ಬಳಿದು, ವಾರದಲ್ಲಿ ಟ್ಯೂಬು ಖಾಲಿ ಮಾಡಿ, ಇದು ಕೆಲಸಕ್ಕೆ ಬಾರದ ಮದ್ದೆಂದು ತಾನೇ ತೀರ್ಮಾನಿಸಿ ಮತ್ತೆ ಹೋದ.

"ಗಟ್ಟಿ ಮದ್ದು ಕೊಡಿ ಡಾಕ್ಟ್ರಮ್ಮ."

"ಮಾತ್ರೆ ಇದೆ ಯಜಮಾನ್ರೇ, ವಾರಕ್ಕೊಂದು. ಗಟ್ಟಿನೇ. ಬೇರೆ ಏನಾದ್ರೂ ಕಾಯಿಲೆ ಇದ್ಯಾ? ಲಿವರ್ರು, ಕಿಡ್ನಿ?"

ಕಿಡ್ನಿ ಎಂದು ಬಾಯಿಬಿಟ್ಟರೆ ಗಟ್ಟಿ ಮದ್ದು ಸಿಗುವುದಿಲ್ಲವೆಂದು ಹೊರಗೆ ಬೆಂಚಿನಲ್ಲಿ ಕೂತಿದ್ದ ಒಬ್ಬ ಆಗಷ್ಟೇ ಅವನಿಗೆ ಹೇಳಿದ್ದ.

"ನಂಗಾ? ನಾನು ಟಪ್ಸೊಬಾ! ನಮ್ಮ ವಂಶದೋರಿಗೆ ಕಾಯಿಲೆ ಬರೋದೇ ಸತ್ತ ಮೇಲೆ."

ಡಾಕ್ಟರು ನಕ್ಕರು. ಆದರೂ ರಕ್ತ ಪರೀಕ್ಷೆಗೆ ಚೀಟಿ ಬರೆದರು. "ರಕ್ತ ನೋಡ್ದೆ ಇದನ್ನ ಕೊಡಲ್ಲ."

ರಸ್ಮಾನೆ ಚೀಟಿ ಹಿಡಿದು ಅಂಗಡಿಗೆ ಬಂದ. ಪಕ್ಕದಲ್ಲೇ ಒದಿಲ್ ಟೊಯೆ ಅಲಸಂದೆ ವಡೆ ಕರಿಯುತ್ತಿದ್ದಳು. ಅವನು ಮೋಸಿ ಬುಡಕಟ್ಟಿನವನು, ಅವಳು ಸಾಮೊ ಬುಡಕಟ್ಟಿನವಳು. ಆ ಎರಡು ಬುಡಕಟ್ಟಿಗೂ ಅಜ್ಜ ಮುತ್ತಜ್ಜರ ಕಾಲದಿಂದ ಗೇಲಿಯ ನಂಟು. ಬಾಯಿಗೆ ಬಂದದ್ದು ಬೈಯಬಹುದು, ಕಂಡದ್ದು ಕೇಳಬಹುದು. ಬೈಸಿಕೊಂಡವರು ಸಿಟ್ಟಾಗುವ ಹಾಗಿಲ್ಲ, ಕೇಳಿಸಿಕೊಂಡವರು ಇಲ್ಲವೆನ್ನುವ ಹಾಗಿಲ್ಲ. ಒಬ್ಬರು ಇನ್ನೊಬ್ಬರನ್ನು ಕರೆಯುವುದೇ ಗುಲಾಮ ಎಂದು. ಯಾರು ಯಾರ ಗುಲಾಮರೆಂಬುದು ಮೂವತ್ತು ವರ್ಷದಿಂದ ಇಬ್ಬರಲ್ಲಿ ಬಗೆಹರಿದಿರಲಿಲ್ಲ.

"ಏಯ್, ನಾಯಿತಲೆ ತಿನ್ನೋಳೇ, ನಿನ್ನ ಕೈ ಬೇಕಿತ್ತು."

"ಮದ್ವೆಗಾ? ತಲಾತಕ್ಕನ್ನ ಕೇಳು. ಈ ಕತ್ತೆಗೆ ನಾನೊಬ್ಳು ಸಾಲ್ದಾ ಅಂತಾಳೆ."

"ಥೂ! ರಕ್ತ ಕೊಡೋಕೆ ಕಣೇ. ಆಸ್ಪತ್ರೇಲಿ ಟಪ್ಸೊಬಾ ಅಂತ ಕೂಗ್ತಾರೆ, ಎದ್ದು ಹೋಗಿ ಕೈ ಚಾಚು. ಯಾಕೆ ಅಂತ ಕೇಳ್ಬೇಡ. ಗುಲಾಮರು ಕೇಳಲ್ಲ."

ಆಸ್ಪತ್ರೆಯಲ್ಲಿ ಹೆಸರು ಕೂಗಿದರು, ಒದಿಲ್ ಎದ್ದು ಹೋದಳು. ಚೀಟಿಯಲ್ಲಿ 'ಆರ್. ಟಪ್ಸೊಬಾ' ಎಂದಷ್ಟೇ ಇತ್ತು. ಆ ನೂಕುನುಗ್ಗಲಲ್ಲಿ ಗಡ್ಡ ಎಲ್ಲಿ ಹೋಯಿತೆಂದು ಯಾರೂ ವಿಚಾರಿಸಲಿಲ್ಲ. ವರದಿ ಬಂತು: ರಕ್ತ ಚೊಕ್ಕ ಬಂಗಾರ. ಡಾಕ್ಟರು ಮಾತ್ರೆ ಬರೆದರು. ಶುಕ್ರವಾರ ನಮಾಜು ಮುಗಿಸಿ ಬಂದು ರಸ್ಮಾನೆ ಮೊದಲನೆಯದನ್ನು ನುಂಗಿದ.

ಮುಂದಿನ ಗುರುವಾರದ ಹೊತ್ತಿಗೆ ಅವನ ಹೊಟ್ಟೆ ಜಂಬದಿಂದ ಉಬ್ಬಿ ಒಡೆಯುವ ಹಾಗಾಗಿತ್ತು. ಎಲ್ಲರಿಗೂ ಟೋಪಿ ಹಾಕಿಯೂ ಒಬ್ಬರಿಗೂ ಹೇಳದಿದ್ದರೆ ಸುಖವೇನು? ವಡೆ ಕೊಳ್ಳುವ ನೆಪದಲ್ಲಿ ಒದಿಲಳ ಬಾಣಲೆ ಪಕ್ಕ ಕೂತ.

"ನಿನ್ನ ರಕ್ತ ಫಸ್ಟ್ ಕ್ಲಾಸಲ್ಲಿ ಪಾಸಾಯ್ತು ಕಣೇ!"

"ನನ್ನ ರಕ್ತ ಯಾವಾಗಪ್ಪ ಪರೀಕ್ಷೆಗೆ ಕೂತಿತ್ತು?"

ಎಲ್ಲವನ್ನೂ ಹೇಳಿದ. ಕಿಡ್ನಿಯ ಕಥೆ, ದಾರದ ಕಥೆ, ಡಾಕ್ಟರಿಗೆ ಮಂಕುಬೂದಿ ಎರಚಿದ ಕಥೆ. ದಾರದ ಕಥೆಗೆ ಒದಿಲ್ ಜೋರಾಗಿ ನಕ್ಕಳು. ಆಮೇಲೆ ಇದ್ದಕ್ಕಿದ್ದ ಹಾಗೆ ನಗು ನಿಂತಿತು. ಎಣ್ಣೆಯಲ್ಲಿದ್ದ ವಡೆ ಸೀದು ಹೋಗುತ್ತಿದ್ದರೂ ತೆಗೆಯಲಿಲ್ಲ.

"ಅಂದ್ರೆ, ಆ ಡಾಕ್ಟ್ರು ನನ್ನ ಕಿಡ್ನಿ ನೋಡಿ ನಿನಗೆ ಮಾತ್ರೆ ಕೊಟ್ಟವ್ರೆ."

"ಹ್ಞೂಂ! ಹೆಂಗೆ ನನ್ನ ತಲೆ?"

"ತಿಂದ್ಯಾ?"

"ಇನ್ನೂ ಇಲ್ಲ. ನಾಳೆ ಶುರು," ಎಂದು ಸುಳ್ಳು ಹೇಳಿ ವಡೆ ಕಚ್ಚಿದ, ಕಣ್ಣಲ್ಲಿ ನೀರು ಬಂತು. ಎರಡು ದಿನದಿಂದ ಬಾಯಿ ತುಂಬ ಹುಣ್ಣು. ಇವಳು ಹಾಕುವ ಮೆಣಸಿನಕಾಯಿಯಿಂದಲೇ ಎಂದು ಅವನು ನಂಬಿಕೊಂಡಿದ್ದ.

"ಆ ಮಾತ್ರೆ ಪೊಟ್ಟಣ ಇಲ್ಲಿ ಕೊಡು."

"ಕೊಡಲ್ಲ."

"ನಾನು ಕೇಳ್ತಿದೀನಿ. ಇಲ್ಲ ಅನ್ನೋ ಹಾಗಿಲ್ಲ ನೀನು."

"ಕೋಳಿ ಕೇಳು, ಬಟ್ಟೆ ಕೇಳು, ಕೊಡ್ತೀನಿ. ಕೈ ನೆಟ್ಟಗಾಗೋದನ್ನ ಬೇಡ ಅನ್ನಬೇಡ ಒದಿಲ್. ನಂಗಿರೋದು ಅದೊಂದೇ."

ಅವಳು ಸೀದ ವಡೆಗಳನ್ನು ತೆಗೆದು ಬದಿಗೆ ಹಾಕತೊಡಗಿದಳು. ಗೆದ್ದೆನೆಂದುಕೊಂಡು ಅವನು ಎದ್ದು ಬಂದ.

ಮರುದಿನ ನಮಾಜು ಮುಗಿಸಿ, ಎರಡನೆಯ ಮಾತ್ರೆಯ ಯೋಚನೆಯಲ್ಲಿ ಮನೆ ಕಡೆ ತಿರುಗಿದರೆ ಅಂಗಳದಿಂದ ಗೋಳಾಟ ಕೇಳಿಸಿತು. ಓಡಿ ಬಂದ. ಅಂಗಳದ ನಡುವೆ ಚಾಪೆ, ಚಾಪೆಯ ಮೇಲೆ ಅವನದೇ ನೀಲಿ ನಿಲುವಂಗಿ ತೊಟ್ಟು, ಹತ್ತಿಯ ಗಡ್ಡ ಅಂಟಿಸಿಕೊಂಡು ಒದಿಲ್ ಅಂಗಾತ ಬಿದ್ದಿದ್ದಳು. ಸುತ್ತ ನಾಲ್ಕು ಸಾಮೊ ಹೆಂಗಸರು ಎದೆ ಬಡಿದುಕೊಳ್ಳುತ್ತಿದ್ದರು. ಮೋಸಿಯವನು ಸತ್ತ ಮನೆಯಲ್ಲಿ ಸಾಮೊ ಜನ ಬಂದು ಹೆಣದ ವೇಷ ಹಾಕಿ ಕಾಡುವುದು, ಕೇಳಿದ್ದನ್ನು ಕೊಡುವವರೆಗೆ ಏಳದಿರುವುದು ಎಲ್ಲರಿಗೂ ಗೊತ್ತಿದ್ದದ್ದೇ. ಬದುಕಿರುವವನಿಗೆ ಆ ಮರ್ಯಾದೆ ಸಿಕ್ಕಿದ್ದು ಆ ಬೀದಿಯಲ್ಲಿ ಇದೇ ಮೊದಲು.

"ಅಯ್ಯೋ ಟಪ್ಸೊಬಾ! ಕಿಡ್ನಿ ನಿಂದು, ರಕ್ತ ನಮ್ದು!"

"ದಾರ ತರ್ತೀನಿ ಅಂದ್ಯಲ್ಲೋ! ಕಿಡ್ನಿ ಡಾಕ್ಟ್ರ ಮನೇಲಿ ದಾರ ಮಾರ್ತಾರೇನೋ!"

"ಕೈ ಚೆಂದ ಆಯ್ತಲ್ಲೋ! ನೋಡ್ಕೊಳ್ಳೋಕೆ ನೀನೇ ಇಲ್ವಲ್ಲೋ!"

ನಡುನಡುವೆ ಹೆಣ ಮೊಣಕೈ ಕೆರೆದುಕೊಳ್ಳುತ್ತಿತ್ತು. ಬೀದಿಯ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ರಸ್ಮಾನೆಗೂ ನಗು ತಡೆಯಲಾಗಲಿಲ್ಲ.

"ಏಳೇ ಸಾಕು. ಎಷ್ಟು ಕೊಡ್ಲಿ ಹೇಳು."

ಹೆಣ ಒಂದು ಕಣ್ಣು ತೆರೆಯಿತು. "ದುಡ್ಡು ಬೇಡ. ಪೊಟ್ಟಣ."

ಒಂದು ಒಳ್ಳೆಯ ಬೈಗುಳ ಅವನ ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ತಲಾತೋ ಕಂಡಳು. ಮುದ್ದೆ ತಿರುವುವ ಕೋಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಆ ಅಂಗಳದಲ್ಲಿ ನಗದೆ ಇದ್ದವಳು ಅವಳೊಬ್ಬಳೇ.

"ಎರಡು ವರ್ಷದಿಂದ ಉಪ್ಪು ಕಮ್ಮಿ ಹಾಕು, ಉಪ್ಪು ಕಮ್ಮಿ ಹಾಕು ಅಂತಿದ್ರಿ," ಎಂದಳು. "ನನ್ನ ಕೈರುಚಿ ಕೆಟ್ಟುಹೋಯ್ತು ಅಂದ್ಕೊಂಡಿದ್ದೆ ನಾನು."

ಅಷ್ಟು ಹೇಳಿ ಹೊಸ್ತಿಲ ಮೇಲೆ ಕೂತಳು. ರಸ್ಮಾನೆಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಜೇಬಿಗೆ ಕೈ ಹಾಕಿ ಪೊಟ್ಟಣ ತೆಗೆದು ಹೆಣದ ಎದೆಯ ಮೇಲಿಟ್ಟ.

ಒದಿಲ್ ಅದನ್ನು ಬೆಳಕಿಗೆ ಹಿಡಿದಳು. "ಒಂದು ಇಲ್ಲ ಇದರಲ್ಲಿ."

"ಹೋದ ಶುಕ್ರವಾರ," ಎಂದ.

ಹೆಣ ದಡಕ್ಕನೆ ಎದ್ದು ಕೂತಿತು. ಗಡ್ಡ ಕಳಚಿ ಬಿತ್ತು.

ಒದಿಲ್ ಮತ್ತು ತಲಾತೋ ಒಂದೇ ಮೋಟಾರು ಸೈಕಲ್ಲಿನಲ್ಲಿ ಅವನನ್ನು ನಡುವೆ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದರು. ಡಾಕ್ಟರು ಸೊಮ್ಡಾ ಬಾಯಿ ತೆರೆಸಿ ಹುಣ್ಣು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಈ ಮಾತ್ರೆ ಮೈಯಿಂದ ಆಚೆ ಹೋಗೋದೇ ಕಿಡ್ನಿ ದಾರೀಲಿ ಯಜಮಾನ್ರೇ. ನಿಮ್ಮ ದಾರಿ ಮುಚ್ಕೊಂಡಿದೆ. ಮದ್ದು ಒಳಗೇ ಕೂತು, ರಕ್ತ ಹುಟ್ಟೋ ಜಾಗವನ್ನೇ ಒಣಗಿಸುತ್ತೆ. ಇವತ್ತು ಇನ್ನೊಂದು ನುಂಗಿದ್ರೆ..." ಮಾತು ಮುಗಿಸದೆ ಫೋನು ತೆಗೆದು ಕಿಡ್ನಿ ಡಾಕ್ಟರನ್ನು ಕರೆದರು. ಈ ಸಲ ರಕ್ತ ತೆಗೆಯುವಾಗ ಸೂಜಿ ಯಾರ ಕೈಗೆ ಚುಚ್ಚಿತೆಂದು ತಾವೇ ನಿಂತು ನೋಡಿದರು.

ಬಿಳಿ ರಕ್ತಕಣ ಕುಸಿದಿತ್ತು. ಮಾತ್ರೆಯ ವಿಷ ಮುರಿಯುವ ಮದ್ದು ಏರಿಸಿ ಮಲಗಿಸಿದರು. ನಾಲ್ಕು ದಿನ ನೋಡಬೇಕು ಎಂದರು.

ಆ ನಾಲ್ಕೂ ದಿನ ಬೆಳಿಗ್ಗೆ ಒದಿಲ್ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದಳು. "ಹೇಗಿದೀರಾ ರಸ್ಮಾನೆಯವ್ರೇ? ನಿದ್ದೆ ಬಂತಾ?" ಎಂದು ಕೇಳುತ್ತಿದ್ದಳು. ಸೂಜಿಗೆ ಹೆದರದವನು ಆ ಮರ್ಯಾದೆಗೆ ನಡುಗಿ ಹೋದ.

"ಬೈಯೇ ಒದಿಲ್," ಎಂದು ಮೂರನೆಯ ದಿನ ಅಂಗಲಾಚಿದ. "ಒಂದೇ ಒಂದು."

"ಹುಷಾರಿಲ್ದೋರನ್ನ ಹಾಗೆಲ್ಲ ಬೈಬಾರ್ದು," ಎಂದಳು.

ಹಾಗಾದರೆ ನಾನು ಉಳಿಯುವುದಿಲ್ಲ, ಎಂದು ಅವನು ಗೋಡೆ ಕಡೆ ತಿರುಗಿ ಮಲಗಿದ. ತಲಾತೋಗೆ ಸುಳ್ಳು ಹೇಳದೆ ಇನ್ನೊಂದು ದಿನವಾದರೂ ಬದುಕುವ ಆಸೆ ಮೊದಲ ಬಾರಿಗೆ ಅವನಿಗೆ ಬಂದದ್ದು ಆಗ.

ಐದನೆಯ ದಿನ ಡಾಕ್ಟರು ಕಾಗದ ಹಿಡಿದು ಬಂದರು. "ಏರ್ತಾ ಇದೆ. ಗಂಡಾಂತರ ಕಳೀತು. ಇನ್ನು ಮೇಲೆ ಮುಲಾಮೇ. ತೆಳ್ಳಗೆ, ನಾನು ಹೇಳಿದ ಕಡೆ, ಹೇಳಿದಷ್ಟು ದಿನ. ಯಾರು ಏನು ಮದ್ದು ಕೊಟ್ರೂ, ಬಾಯಿ ಬಿಟ್ಟು ಮೊದಲು ಕಿಡ್ನಿ ಅನ್ನಿ."

"ಹಬ್ಬದ ಹೊತ್ತಿಗೆ ಕೈ..."

"ಆಗಲ್ಲ. ಪೂರ್ತಿ ವಾಸಿ ಯಾವತ್ತೂ ಆಗ್ದೇನೂ ಇರಬಹುದು."

ರಸ್ಮಾನೆ ಹೊಟ್ಟೆದ್ದ ಕೈಗಳನ್ನು ಒಂದು ಸಲ ನೋಡಿಕೊಂಡು, ಸರಿ ಎಂದು ತಲೆಯಾಡಿಸಿದ.

ಒದಿಲ್ ಸ್ಟೂಲಿನಿಂದ ಎದ್ದಳು. "ಡಾಕ್ಟ್ರಮ್ಮ, ಖಂಡಿತ ಬದುಕ್ತಾನಾ?"

"ಖಂಡಿತ."

"ಲೋ ಗುಲಾಮ!" ವಾರ್ಡೆಲ್ಲ ಇತ್ತ ತಿರುಗಿತು. "ಸಾಯೋಕೂ ಯೋಗ್ಯತೆ ಇಲ್ವಲ್ಲೋ ನಿಂಗೆ! ನಿನ್ನ ಹೆಣ ಆಗಿ ಬಿಸಿಲಲ್ಲಿ ಬಿದ್ದು ನನ್ನ ಬೆನ್ನು ಸುಟ್ಟುಹೋಯ್ತು! ಐದು ದಿನ ನನ್ನ ಒಲೆ ಹತ್ತಲಿಲ್ಲ! ಹರಿದ ಲಂಗೋಟಿ ಹೊಲಿಯೋಕೂ ಬರದ ಬಡ್ಡೀಮಗ್ನೇ, ನೀನಿಲ್ದೆ ನಾನು ದಿನಾ ಬೆಳಿಗ್ಗೆ ಯಾರನ್ನೋ ಬೈಲಿ..." ನರ್ಸು ಬಂದು ಸುಮ್ಮನಿರೆಂದು ಗದರಿದಳು. ಆದರೂ ಒದಿಲ್ ನಿಲ್ಲಿಸಲಿಲ್ಲ.

ರಸ್ಮಾನೆ ಹೊದಿಕೆಯನ್ನು ತಲೆಯವರೆಗೆ ಎಳೆದುಕೊಂಡ. ಅದರೊಳಗೆ ಅವನ ಮೈ ಕುಲುಕುತ್ತಿತ್ತು.

"ನೋಡಮ್ಮ, ನಿಮ್ಮ ಯಜಮಾನ್ರು ಹೆಂಗೆ ನಗ್ತಾವ್ರೆ," ಎಂದ ಪಕ್ಕದ ಹಾಸಿಗೆಯವನು.

ತಲಾತೋ ಹೊದಿಕೆಯ ಮೇಲೆ ಕೈಯಿಟ್ಟು ನೋಡಿದಳು. "ನಗ್ತಿಲ್ಲ ಅಣ್ಣ, ಅಳ್ತಿದಾರೆ. ಅವಳನ್ನ ತಡೀಬೇಡಿ, ಪೂರ್ತಿ ಬೈದು ಮುಗಿಸ್ಲಿ."