ಬಟನ್ ಕಟ್ಟಿದ್ದು ಯಾರು

ನನ್ನ ಎಡಗೈಯ ಮೂರು ಬೆರಳು ಹೋಗಲು ಒಂದು ಕ್ಷಣ ಸಾಕಾಯಿತು. ಅದಕ್ಕೆ ಏನು ಮಾಡಬೇಕೆಂದು ತೀರ್ಮಾನಿಸಲು ಮಾತ್ರ ಏಳು ತಿಂಗಳಿಂದ ಒದ್ದಾಡುತ್ತಿದ್ದೆ. ನಾನು ಕೆಲಸಕ್ಕಿದ್ದ ಪ್ರಿಂಟಿಂಗ್ ಪ್ರೆಸ್ಸಿನವರು ರಾಜಿಗೆ ಕರೆದಿದ್ದರು. ಸಹಿ ಹಾಕಿದರೆ ಪರಿಹಾರ ಕೈಗೆ ಬರುತ್ತದೆ. ಬೇಡವೆಂದರೆ ಕೋರ್ಟು.

"ಸಹಿ ಹಾಕಿ ಕೈ ತೊಳ್ಕೊಳ್ಳೇ," ಎನ್ನುತ್ತಿದ್ದರು ನನ್ನ ಗಂಡ. ಬಸ್ಸು ಓಡಿಸುವ ಮನುಷ್ಯ, ಎಲ್ಲವೂ ಟೈಮಿಗೆ ಸರಿಯಾಗಿ ಮುಗಿಯಬೇಕು.

ನಮ್ಮ ವಕೀಲಮ್ಮನದು ಬೇರೆಯೇ ರಾಗ. "ಕೋರ್ಟಿಗೆ ಹೋದ್ರೆ ಇದರ ಎರಡರಷ್ಟು ಸಿಗಬಹುದು. ಮಷೀನನ್ನೂ ಪರೀಕ್ಷೆ ಮಾಡಿಸ್ತಾರೆ. ಆದ್ರೆ ಏನೂ ಸಿಗದೆಯೂ ಇರಬಹುದು."

"ಹಾಗಾದ್ರೆ ಏನ್ ಮಾಡ್ಲಿ?"

"ತೀರ್ಮಾನ ನಿಮ್ಮದು."

ತೀರ್ಮಾನ ಮಾಡುವ ಬುದ್ಧಿ ನನಗಿದ್ದರೆ ನಿಮ್ಮ ಹತ್ತಿರ ಯಾಕಮ್ಮ ಬರುತ್ತಿದ್ದೆ!

ಅವರಿಗೆ ನಾನು ಹೇಳದ ಮಾತೊಂದಿತ್ತು. ಕಾಗದ ಕತ್ತರಿಸುವ ನಮ್ಮ ಮಷೀನಿಗೆ ಎರಡು ಬಟನ್. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಬ್ಲೇಡು ಇಳಿಯುತ್ತದೆ. ಎರಡು ಕೈಯೂ ಬ್ಲೇಡಿನಿಂದ ದೂರ ಇರಲಿ ಎಂದು ಆ ಏರ್ಪಾಡು. ಆದರೆ ಕಾಗದದ ರಾಶಿ ಜರುಗದಂತೆ ಹಿಡಿಯಲು ಒಂದು ಕೈ ಬೇಡವೇ? ಅದಕ್ಕೇ ನಾವು ಎಡಗಡೆಯ ಬಟನ್ನನ್ನು ಒತ್ತಿಟ್ಟು, ಹಳೇ ಟ್ಯೂಬಿನ ರಬ್ಬರ್ ಪಟ್ಟಿಯಿಂದ ಬಿಗಿದು ಕಟ್ಟಿಬಿಡುತ್ತಿದ್ದೆವು. ಮೇಸ್ತ್ರಿಗೂ ಗೊತ್ತು, ಕಂಡೂ ಕಾಣದ ಹಾಗೆ ಹೋಗುತ್ತಿದ್ದ. ಬೆಳಗಿನ ಪಾಳಿ ನನ್ನ ತಂಗಿಯದು, ಮಧ್ಯಾಹ್ನದ್ದು ನನ್ನದು. ಅವಳನ್ನು ಕೆಲಸಕ್ಕೆ ಸೇರಿಸಿದವಳೂ ನಾನೇ, ಮೊದಲ ವಾರವೇ ಪಟ್ಟಿ ಬಿಗಿಯಲು ಕಲಿಸಿದವಳೂ ನಾನೇ. ಏನೋ ದೊಡ್ಡ ವಿದ್ಯೆ ಹೇಳಿಕೊಟ್ಟ ಹಾಗೆ ಜಂಬ ಬೇರೆ ಕೊಚ್ಚಿಕೊಂಡಿದ್ದೆ.

ಅವತ್ತು ಕಟ್ಟಿದ್ದು ಯಾರು? ಅವಳು ಬಿಚ್ಚದೆ ಹೋದಳೋ, ನಾನೇ ಬಂದು ಕಟ್ಟಿದೆನೋ? ದೇವರಾಣೆಗೂ ನೆನಪಿಲ್ಲ. ಒಮ್ಮೆ ನಾನೇ ಕಟ್ಟಿದ್ದು ಕಣ್ಣಿಗೆ ಕಟ್ಟಿದ ಹಾಗಿರುತ್ತದೆ, ಮರುಕ್ಷಣ ಅದು ಹಿಂದಿನ ದಿನದ್ದು ಅನ್ನಿಸುತ್ತದೆ. ಕೋರ್ಟಿನಲ್ಲಿ ಪ್ರಮಾಣ ಮಾಡಿಸಿ ಮೊದಲು ಕೇಳುವುದೇ ಅದನ್ನು. ನಾನು ಎಂದರೆ ಪರಿಹಾರ ಹೋಯಿತು. ತಂಗಿ ಎಂದರೆ ಅವಳ ಕೆಲಸ ಹೋಯಿತು. ಸಹಿ ಹಾಕಿದರೆ ಯಾರೂ ಕೇಳುವುದಿಲ್ಲ. ಯೋಚಿಸಿ ಯೋಚಿಸಿ ತಲೆ ಕೆಟ್ಟು ಕೊನೆಗೆ ಸಹಿಗೇ ಒಪ್ಪಿದೆ.

ಸಹಿ ಹಾಕಬೇಕಿದ್ದ ದಿನ ತಂಗಿ ಪಾಳಿ ಮುಗಿಸಿ ನನಗೆ ಜಡೆ ಹಾಕಲು ಬಂದಳು.

"ಎಳೀಬೇಡ್ವೇ, ಇರೋ ನಾಲ್ಕು ಕೂದಲೂ ಹೋಗ್ತವೆ," ಎಂದು ರೇಗಿದೆ. ನಕ್ಕಳು.

"ಅಲ್ಲ ಕಣೇ, ಈಗಲೂ ಬಟನ್ ಕಟ್ತೀಯಾ?" ಎಂದೆ.

ಅವಳ ಕೈ ನಿಂತಿತು. "ಮತ್ತೇನ್ ಮಾಡ್ಲಿ ಅಕ್ಕಾ? ಕಟ್ಟದಿದ್ರೆ ದಿನದ ಕೆಲಸ ಮುಗಿಯಲ್ಲ. ಮೇಸ್ತ್ರಿ ಸುಮ್ಮನೆ ಬಿಡ್ತಾನಾ?"

"ನನ್ನ ಕೈ ನೋಡಿದ ಮೇಲೂನಾ?"

"ನೀನು ಅವತ್ತು ಏನೋ ಯೋಚನೇಲಿದ್ದೆ. ನಾನು ಹುಷಾರಾಗಿರ್ತೀನಿ ಬಿಡು."

ಕೆನ್ನೆಗೆ ಎರಡು ಬಾರಿಸೋಣ ಅನ್ನಿಸಿತು. ಅಳುವೂ ಬಂತು. ಹದಿನಾಲ್ಕು ವರ್ಷ ನಾನೂ ಹಾಗೇ ಅಂದುಕೊಂಡಿದ್ದೆ.

ವಕೀಲಮ್ಮನ ಆಫೀಸಿನಲ್ಲಿ ಪ್ರೆಸ್ಸಿನ ವಕೀಲರು ಕಾಗದ ಹರಡಿಕೊಂಡು ಕೂತಿದ್ದರು. ಸಹಿ ಹಾಕುವ ಜಾಗಕ್ಕೆಲ್ಲ ಪೆನ್ಸಿಲ್ ಗುರುತು.

"ಇನ್ಮೇಲೆ ಈ ವಿಷಯ ನೀವು ಎಲ್ಲೂ ಎತ್ತೋ ಹಾಗಿಲ್ಲ, ಅಷ್ಟೇ," ಎಂದರು.

"ಮಷೀನು?"

"ಅದಕ್ಕೇನಾಗಿದೆ? ದಿನಾ ಓಡ್ತಿದೆ."

ಗಂಡ ಪೆನ್ನಿನ ಮುಚ್ಚಳ ತೆಗೆದು ಕೊಟ್ಟರು. ನಾನು ಕಾಗದವನ್ನೇ ಆಚೆ ತಳ್ಳಿದೆ. "ಕೋರ್ಟಿಗೇ ಹೋಗೋಣ."

"ನಿಂಗೇನ್ ತಲೆಗಿಲೆ ಕೆಟ್ಟಿದ್ಯಾ?" ಎಂದು ಅವರು ಕಣ್ಣು ಬಿಟ್ಟರು.

ಕೆಟ್ಟಿತ್ತು, ಸುಳ್ಳು ಯಾಕೆ ಹೇಳಲಿ. ವಕೀಲಮ್ಮನನ್ನು ಹೊರಗಿನ ಮೆಟ್ಟಿಲ ಹತ್ತಿರ ಕರೆದುಕೊಂಡು ಹೋಗಿ ಬಟನ್ನಿನ ವಿಷಯವನ್ನೆಲ್ಲ ಒದರಿಬಿಟ್ಟೆ. ಅವರು ಹಣೆ ಹಿಡಿದುಕೊಂಡರು.

"ಇದನ್ನ ಹೇಳಿದ್ರೆ ನಿಮಗೆ ಬಿಡಿಗಾಸೂ ಸಿಗದೇ ಹೋಗಬಹುದು, ಗೊತ್ತಾ? ಕಟ್ಟಿದ್ದು ಯಾರು ಅಂತ ಕೇಳಿದ್ರೆ ಏನಂತೀರಾ?"

"ನೆನಪಿಲ್ಲ ಅಂತೀನಿ. ಕಲಿಸಿದ್ದು ನಾನು, ಅದು ನೆನಪಿದೆ ಅಂತೀನಿ."

"ಮಷೀನ್ ನಿಲ್ಲಿಸಿದ್ರೆ ನಿಮ್ಮ ತಂಗಿ ಕೆಲಸಾನೂ ಹೋಗುತ್ತೆ. ಅವರು ನಿಮಗೆ ಶಾಪ ಹಾಕಲ್ವಾ?"

"ಹಾಕ್ಲಿ ಬಿಡಿ," ಎಂದೆ. "ಹತ್ತೂ ಬೆರಳಿನ ನೆಟಿಕೆ ಮುರಿದು ಹಾಕ್ಲಿ."